ಅಂಗೈಯಗಲದ ಬೋಳು

"ಇಷ್ಟು ಚೆಂದದ ಮೈಮೇಲೆ ಇದೊಂದು ಜಾಗ ಬೋಳು ಬಿಟ್ಟೋರು ಯಾರಪ್ಪಾ?"

ಕೇಳಿದ್ದು ಯಾರನ್ನೂ ಅಲ್ಲ. ಆ ಕೋಣೆಯಲ್ಲಿ ಅವಳನ್ನು ಬಿಟ್ಟರೆ ಇದ್ದದ್ದು ಹಿಂಗಾಲ ಮೇಲೆ ಎದ್ದು ನಿಂತ ಕರಡಿ ಒಂದೇ. ಅದರ ಹೊಟ್ಟೆಯಲ್ಲಿ ಒಣಹುಲ್ಲು, ಕಣ್ಣಲ್ಲಿ ಗಾಜು, ಬಾಯಲ್ಲಿ ಬಣ್ಣ ಬಳಿದ ಮರದ ನಾಲಗೆ. ಬಿಸಿಲು ಬಿದ್ದರೆ ಕೂದಲು ಮಾಸುತ್ತದೆಂದು ಕಿಟಕಿಗಳಿಗೆ ಹಲಗೆ ಹೊಡೆದಿತ್ತು. ಹೊರಗೆ ನಡುಹಗಲು, ಒಳಗೆ ಬಾವಿಯ ತಳದಂಥ ಕತ್ತಲು. ಕರ್ಪೂರದ ವಾಸನೆ, ಹಳೆಯ ಅಂಟಿನ ವಾಸನೆ, ಅವೆರಡರ ಅಡಿಯಲ್ಲಿ ಹೆಸರು ಹೇಳಲಾಗದ ಇನ್ನೊಂದು. ಅವಳು ದೀಪ ಎತ್ತಿ ಹಿಡಿದಳು. ಕರಡಿಯ ಗಲ್ಲದ ಕೆಳಗೆ, ಸರಿಯಾಗಿ ಗಂಟಲಿನ ಮೇಲೆ, ಅಂಗೈಯಗಲದ ಜಾಗದಲ್ಲಿ ಒಂದೇ ಒಂದು ಕೂದಲಿರಲಿಲ್ಲ. ಬೂದು ಬಣ್ಣದ ಬರಿ ತೊಗಲು. ಅದರ ಅಂಚಿನಿಂದ ಐದು ಪಟ್ಟೆಗಳು ಮೇಲಕ್ಕೆ ಚಾಚಿದ್ದವು, ಬೆರಳುಗಳ ಹಾಗೆ.

"ಯಾರು ಬಿಟ್ರು ಅಂತ ಕೇಳ್ಬೇಡ. ಹಾಗೇ ಬಿಡು."

ಅವಳು ಬೆಚ್ಚಿ ತಿರುಗಿದಳು. ಬಾಗಿಲಲ್ಲಿ ಹದದಜ್ಜಿ ನಿಂತಿದ್ದಳು. ಹಿತ್ತಿಲ ತೊಟ್ಟಿಗಳಲ್ಲಿ ತೊಗಲು ನೆನೆಸಿ, ತಿಕ್ಕಿ, ಹದಮಾಡಿ ಕೊಡುವ ಮುದುಕಿ. ನಲವತ್ತು ವರ್ಷದ ಉಪ್ಪುನೀರು ಅವಳ ಬೆರಳಿನ ಗೆರೆಗಳನ್ನೇ ಅಳಿಸಿಹಾಕಿತ್ತು.

"ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಬಂದ್ಯಲ್ಲಜ್ಜಿ! ಇಲ್ಲಿ ಆಗಲೇ ಒಂದು ನಿಂತಿದೆ, ಸಾಲ್ದಾ?"

ಅಜ್ಜಿ ನಗಲಿಲ್ಲ. ನೆಲ ನೋಡುತ್ತಾ, ಮಕ್ಕಳು ಕಂಠಪಾಠ ಒಪ್ಪಿಸುವ ಹಾಗೆ, ಒಂದೇ ಉಸಿರಲ್ಲಿ ಹೇಳಿದಳು. "ಕರಡಿ ಸಾಕಿದವಳು ಕಿತ್ತುಕೊಂಡು ಹೋದ ಜಾಗ ಅದು. ಮಾಟ ಮಾಡಿ ಹೋಗಿದಾಳೆ. ಅಲ್ಲಿ ಕೂದಲು ತುಂಬಿದವರ ಗಂಟಲು ಒಣಗುತ್ತೆ. ತುಂಬಬೇಡ, ಸೂಜಿ."

"ಒಣಗಿದ್ರೆ ಒಂದು ಲೋಟ ನೀರು ಕುಡಿದ್ರಾಯ್ತು." ಅವಳಿಗೆ ನಗು ತಡೆಯಲಾಗಲಿಲ್ಲ. "ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕ್ಬೇಡ ಅಜ್ಜಿ. ಉಪ್ಪು ಕಮ್ಮಿ ಬಿದ್ದಿದೆ, ಹದ ಕೆಟ್ಟಿದೆ, ಕೂದಲು ಉದುರಿದೆ. ನಿನ್ನ ತೊಟ್ಟಿಯ ತಪ್ಪನ್ನ ಯಾವಳೋ ಮಾಟಗಾತಿ ತಲೆಗೆ ಕಟ್ತೀಯಲ್ಲ!"

"ಒಂದು ಸಲ ಹೇಳಿದೆ," ಎಂದಳು ಅಜ್ಜಿ. ಯಾರಿಗೋ ಲೆಕ್ಕ ಕೊಟ್ಟ ಹಾಗಿತ್ತು ಆ ಮಾತು. ಹೊರಟುಹೋದಳು.

ಸೂಜಿ ಎಂಬುದು ಚಿಕ್ಕಪ್ಪ ಇಟ್ಟ ಹೆಸರು. ಅವಳಿಗೆ ಏಳು ವರ್ಷವಿದ್ದಾಗ ಒಂದೇ ವಾರದ ಜ್ವರದಲ್ಲಿ ಅಪ್ಪ ಅಮ್ಮ ಇಬ್ಬರೂ ಹೋದರು. ಚಿಕ್ಕಪ್ಪ ಬಂದು, ಅತ್ತು ಅತ್ತು ನಿದ್ದೆ ಹೋಗಿದ್ದವಳನ್ನು ಹೆಗಲ ಮೇಲೆ ಹಾಕಿಕೊಂಡು ಈ ಮನೆಗೆ ತಂದ. ಚಿಕ್ಕಮ್ಮ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ತೊಟ್ಟಿಲಲ್ಲಿ ಆರು ತಿಂಗಳ ಮಗಳಿದ್ದಳು. ದೊಡ್ಡವಳು ಸೂಜಿಯಾದ ಮೇಲೆ ಚಿಕ್ಕವಳು ದಾರವಾದಳು. ಸೂಜಿ ಹೋದಲ್ಲಿ ದಾರ. ಕೇಳಿದವರೆಲ್ಲ ನಕ್ಕರು, ಹೆಸರು ಉಳಿಯಿತು.

ಸತ್ತ ಪ್ರಾಣಿಯ ತೊಗಲಿಗೆ ಒಳಮೈ ಕೊಟ್ಟು ಬದುಕಿದ್ದಂತೆ ನಿಲ್ಲಿಸುವುದು ಆ ಮನೆಯ ಕಸುಬು. ಮುಂದಿನ ಪಡಸಾಲೆಯಲ್ಲಿ ಜಿಂಕೆ, ತೋಳ, ಗೂಬೆಗಳು ಸಾಲಾಗಿ ಧೂಳು ಕುಡಿಯುತ್ತಾ ನಿಂತಿರುತ್ತಿದ್ದವು. ಆ ಕಾಲದಲ್ಲಿ ಚಿಕ್ಕಪ್ಪನ ದನಿ ಕಂಚಿನದು. ಕೆಲಸ ಮಾಡುತ್ತಾ ಪದ್ಯ ಹೇಳುತ್ತಿದ್ದ. ಅರ್ಧ ಸಾಲಿಗೊಂದು ಹೊಲಿಗೆ, ಸಾಲು ಮುಗಿದಾಗ ಒಂದು ಗಂಟು.

*ಕೊಟ್ಟ ಮಾತಿಗೆ ಮೈಯೆ ಕಾವಲಿರಲಿ,*
*ಹಿಡಿದ ಕೈ ಕಡೆತನಕ ಕೈಯಲ್ಲೆ ಇರಲಿ.*

ಅದನ್ನು ಕೇಳುತ್ತಾ ಕೇಳುತ್ತಾ ಅವಳ ತೋರುಬೆರಳು ತಾನಾಗಿ ತಾಳ ಹಾಕುತ್ತಿತ್ತು. ಅಪ್ಪ ಅಮ್ಮ ಇಲ್ಲದ ಮಗುವಿಗೆ ಆ ಎರಡು ಸಾಲೇ ಮನೆ, ಬಾಗಿಲು, ಚಿಲಕ.

ಚಿಕ್ಕಪ್ಪ ಅವಳಿಗೆ ಕಲಿಸಿದ ಮೊದಲ ಪಾಠ ನಗುವುದು. "ಸತ್ತಿದ್ದು ಕಚ್ಚಲ್ಲ ಮಗಳೇ. ಮಾಟ, ಮಂತ್ರ, ದೆವ್ವ ಅಂದೋರ ಮುಖ ನೋಡಿ ನಕ್ಕುಬಿಡು." ಎರಡನೆಯದು ಎಳೆ ಚೂಪು ಮಾಡುವುದು. ಬೋಳಾದ ಜಾಗಕ್ಕೆ ಕೂಡಿಸುವ ಕೂದಲಿನ ಎಳೆ ಸೂಜಿಮೊನೆಯಂತೆ ಕೂಡಿಕೊಂಡಿರಬೇಕು. ಚಿಕ್ಕಪ್ಪ ಅದಕ್ಕೆ ನೀರಿನ ಬಟ್ಟಲು ಇಟ್ಟುಕೊಳ್ಳುತ್ತಿದ್ದ. ಅವಳಿಗೆ ಮಾತ್ರ ಬೇರೆ ಹೇಳಿಕೊಟ್ಟ. "ತುಟಿಯ ಮಧ್ಯೆ ಎಳಿ. ನೀರಿಗಿಂತ ಎಂಜಲು ಚೆನ್ನಾಗಿ ಕೂಡಿಸುತ್ತೆ." ಹನ್ನೆರಡರ ಹೊತ್ತಿಗೆ ಅದು ಉಸಿರಾಟದಷ್ಟು ಸಲೀಸಾಗಿತ್ತು.

ಒಮ್ಮೆ ಐದು ವರ್ಷದ ದಾರ ಅಕ್ಕನನ್ನು ನೋಡಿ ಒಂದು ಎಳೆಯನ್ನು ಬಾಯಿಗಿಟ್ಟುಕೊಂಡಿದ್ದಳು. ಚಿಕ್ಕಪ್ಪ ಎಲ್ಲಿದ್ದನೋ, ಹಾರಿ ಬಂದು ಆ ಪುಟ್ಟ ಕೈಗೆ ಪಟಾರನೆ ಹೊಡೆದ. "ಥೂ! ವಿಷ ಕಣೇ!" ಮಗು ಕಿರುಚಿ ಅಳುತ್ತಿರುವಾಗ ಸೂಜಿ ಮೆಲ್ಲಗೆ ಕೇಳಿದ್ದಳು, "ಮತ್ತೆ ನಾನು ಹಾಕ್ಕೋತೀನಲ್ಲ ಚಿಕ್ಕಪ್ಪಾ?" ಅವನು ಅವಳ ನೆತ್ತಿ ಸವರಿದ. "ನಿನ್ನದು ಗಟ್ಟಿಜೀವ, ಮಗಳೇ."

ಆ ಮಾತನ್ನು ಅವಳು ಎಷ್ಟೋ ವರ್ಷ ಒಡವೆಯಂತೆ ಇಟ್ಟುಕೊಂಡಿದ್ದಳು.

ವರ್ಷ ಕಳೆದಂತೆ ಚಿಕ್ಕಪ್ಪನ ದನಿ ಒಣಗುತ್ತಾ ಬಂತು. ಮರದ ಪುಡಿ, ಸುಣ್ಣದ ಧೂಳು, ತೊಗಲಿಗೆ ಸವರುವ ಔಷಧ, ಎಲ್ಲ ಗಂಟಲಿಗೆ ಇಳಿದಿದೆ ಎಂದರು ವೈದ್ಯರು. ಬೇಸಿಗೆಯಲ್ಲೂ ಕುತ್ತಿಗೆಗೆ ಉಣ್ಣೆಯ ಮಫ್ಲರ್ ಸುತ್ತತೊಡಗಿದ. ಸೂಜಿ ದೂರದ ಒಂದು ವಸ್ತುಸಂಗ್ರಹಾಲಯಕ್ಕೆ ಕೆಲಸಕ್ಕೆ ಹೋಗಿ ಎಂಟು ವರ್ಷವಾಗಿತ್ತು. ಹೋದ ತಿಂಗಳು ಅವನ ಕಾಗದ ಬಂತು. "ಬೀಗ ಹಾಕಿಟ್ಟಿದ್ದ ಕರಡಿಯೊಂದಿದೆಯಲ್ಲ, ಅದರ ಗಂಟಲು ತುಂಬಬೇಕು. ನನ್ನ ಕೈ ನಡುಗುತ್ತದೆ. ಕೂಡಿಸಿದ ಗುರುತು ಕಾಣದಂತೆ ತುಂಬುವವಳು ನೀನೊಬ್ಬಳೇ. ಅದೊಂದು ಮುಗಿದರೆ ನಾನು ನೆಮ್ಮದಿಯಾಗಿ ಉಸಿರಾಡುತ್ತೇನೆ." ಅವಳು ರಜೆ ಹಾಕಿ ಮರುದಿನವೇ ಹೊರಟಿದ್ದಳು.

ಕೂಡಿಸಬೇಕಾದ ಕೂದಲನ್ನು ಚಿಕ್ಕಪ್ಪನೇ ಸಿದ್ಧಮಾಡಿ ಇಟ್ಟಿದ್ದ. ಇನ್ನೊಂದು ಹಳೆಯ ಕರಡಿ ತೊಗಲಿನ ಗಂಟಲ ಭಾಗ. ಬೆನ್ನಿನದು ಬೆನ್ನಿಗೆ, ಗಂಟಲಿನದು ಗಂಟಲಿಗೆ, ಅದು ಕಸುಬಿನ ನಿಯಮ. ಬಿಳಿ ಬಟ್ಟೆಯ ಗಂಟು ಬಿಚ್ಚಿ ಕೊಡುತ್ತಾ ಅವನು ಪಿಸುಗುಟ್ಟಿದ. ಈಗ ಅವನಿಗೆ ಪಿಸುಮಾತಷ್ಟೇ ಉಳಿದಿತ್ತು.

"ಮೂರು ಸಲ ತೊಳೆದಿದೀನಿ. ಬಾಯಿಗೆ ಹಾಕ್ಕೊಳ್ಳೋಳು ನೀನು."

ಅವಳಿಗೆ ಕಣ್ಣು ತುಂಬಿ ಬಂತು. ಇಪ್ಪತ್ತೊಂಬತ್ತರ ಹೆಂಗಸಿನ ತುಟಿಯನ್ನು ನೆನಪಿಟ್ಟುಕೊಂಡು ಕೂದಲು ತೊಳೆಯುವ ಚಿಕ್ಕಪ್ಪ ಯಾರಿಗಿದ್ದಾನೆ?

ಕೆಲಸ ಶುರುವಾಯಿತು. ಬೋಳು ತುಂಬುವುದು ಹೆಂಚು ಹೊದಿಸಿದ ಹಾಗೆ. ಕೆಳಗಿನ ಸಾಲಿನಿಂದ ಹೊರಟು ಮೇಲಕ್ಕೆ ಹೋಗಬೇಕು. ಮೇಲಿನ ಸಾಲಿನ ತುದಿ ಕೆಳಗಿನದರ ಬುಡ ಮುಚ್ಚಬೇಕು. ಆರೇಳು ಕೂದಲು ಸೇರಿ ಒಂದು ಎಳೆ. ತುಟಿಯಲ್ಲಿ ಚೂಪು ಮಾಡು, ಬುಡವನ್ನು ಅಂಟಿಗೆ ಅದ್ದು, ಚಿಮಟದಲ್ಲಿ ಹಿಡಿ, ಮೈಯ ಒಲವು ಎತ್ತಲೋ ಅತ್ತ ವಾಲಿಸು, ಕೂರಿಸು, ಉಸಿರು ಬಿಡು. ಮತ್ತೆ ತುಟಿ. ಮತ್ತೆ ಅಂಟು. ಇಡೀ ದಿನ ಕೂತರೆ ಅರ್ಧ ಬೆರಳಗಲ.

ಬೆಳಗ್ಗೆ ಕೋಣೆಗೆ ಬಂದಾಗ ಅವಳ ಮೊಣಕೈ ಬಳಿ ಒಂದು ನೀರಿನ ಬಟ್ಟಲು ಇರುತ್ತಿತ್ತು, ಪಕ್ಕದಲ್ಲಿ ಚೂರು ಹತ್ತಿ. ಅಜ್ಜಿ ಇಟ್ಟು ಹೋಗುತ್ತಿದ್ದಳು. ಮೊದಲ ದಿನ ಸೂಜಿ ಅದರಲ್ಲಿ ನಾಲ್ಕು ಎಳೆ ಅದ್ದಿ ನೋಡಿದಳು. ನಿಧಾನ, ಬೇಜಾರು. ಸಂಜೆ ಅಜ್ಜಿ ಬಂದು ಬಟ್ಟಲು ಎತ್ತಿಕೊಂಡಾಗ ನೀರು ಇಟ್ಟಷ್ಟೇ ಇತ್ತು. ಮರುದಿನ ಮತ್ತೆ ಬಟ್ಟಲು. ಮತ್ತೆ ಹಾಗೇ ಉಳಿದ ನೀರು. ಮೂರನೆಯ ಬೆಳಗ್ಗೆ ನೋಡಿದರೆ ನೂರಾರು ಎಳೆಗಳ ನಡುವೆ ಆ ನಾಲ್ಕು ಮಾತ್ರ ನೆಲಕ್ಕೆ ಉದುರಿದ್ದವು.

"ಏನಕ್ಕಾ, ನಿನ್ನ ಕರಡಿಗೆ ಗಡ್ಡ ಬಂತಾ?" ಹೊಸ್ತಿಲಾಚೆಯಿಂದ ದಾರ ಕೂಗುತ್ತಿದ್ದಳು. ಮುಂದಿನ ಕೋಣೆಯಲ್ಲಿ ಗಾಜಿನ ಕಣ್ಣಿಗೆ ಬಣ್ಣ ಹಾಕುವುದು ಅವಳ ಕೆಲಸ. ಬೆರಳ ತುದಿಯಲ್ಲಿ ಯಾವಾಗಲೂ ಹಳದಿ ಮೆತ್ತಿರುತ್ತಿತ್ತು.

"ಬಾ ಒಳಗೆ, ನೀನೇ ನೋಡು."

"ಅಯ್ಯೋ, ಅಪ್ಪ ಕೊಂದೇಹಾಕ್ತಾನೆ. ಹುಟ್ಟಿದಾಗಿಂದ ಈ ಹೊಸ್ತಿಲು ದಾಟ್ಬೇಡ, ಕರಡಿ ಮುಟ್ಬೇಡ, ಒಂದೇ ರಾಗ. ಒಂದು ಎಳೆ, ಒಂದೇ ಒಂದು ಎಳೆ ನನ್ನ ಕೈಲಿ ಕೂರಿಸ್ತೀಯಾ? ನಿನ್ನ ಹಾಗೇ ಬಾಯಲ್ಲಿ ಚೂಪು ಮಾಡಿ."

"ನಿಮ್ಮಪ್ಪನ್ನ ಕೇಳು."

"ನೀನು ಅವನ ಮುದ್ದಿನ ಮಗಳು. ನಾನು ಸಾಕಿದ್ದು," ಎಂದು ದಾರ ಮೂತಿ ತಿರುವಿದಳು. ಇಬ್ಬರೂ ನಕ್ಕರು.

ನಾಲ್ಕನೆಯ ದಿನ ಗಂಟಲು ಕೆರೆಯಿತು. ಧೂಳು ಎಂದುಕೊಂಡಳು. ಐದನೆಯ ದಿನ, ಹಿಂದಿನ ದಿನ ಕೂರಿಸಿದ ಸಾಲಿಗೆ ಬಾಚಣಿಗೆ ಹಾಕಹೋದಳು; ಅದು ಆಗಲೇ ಬಾಚಿದಂತೆ ನಯವಾಗಿ ಒರಗಿತ್ತು. ಬೆರಳಿಟ್ಟಳು. ಬೆಚ್ಚಗಿತ್ತು. ದೀಪದ ಕಾವು ಇರಬೇಕು. ದೀಪ ಇನ್ನೊಂದು ಬದಿಯಲ್ಲಿತ್ತು. ಕರ್ಪೂರದ ಅಡಿಯಲ್ಲಿದ್ದ ಆ ಹೆಸರಿಲ್ಲದ ವಾಸನೆ ಈಗ ಮೇಲೆ ಬಂದಿತ್ತು: ಮಳೆಯಲ್ಲಿ ನೆಂದು ಬಂದ ಪ್ರಾಣಿಯ ಮೈ ವಾಸನೆ, ಬಿಸಿ ಉಸಿರಿನ ಹುಳಿ ವಾಸನೆ.

"ತುಂಬಬೇಡ ಸೂಜಿ," ಎಂದಳು ಬಾಗಿಲಲ್ಲಿ ಅಜ್ಜಿ. "ಎರಡು ಸಲ ಹೇಳಿದೆ."

"ಎರಡು ಸಲ ನಕ್ಕೆ, ಲೆಕ್ಕ ಸರಿಹೋಯ್ತು," ಎಂದಳು ಸೂಜಿ. ದನಿ ಒಡೆದಿತ್ತು. ಕೆಮ್ಮಿದಳು.

ಎಂಟನೆಯ ದಿನ ಉಳಿದದ್ದು ಹೆಬ್ಬೆಟ್ಟಿನಷ್ಟು ಜಾಗ. ಅಜ್ಜಿ ಅಂದು ಬಾಗಿಲಲ್ಲಿ ನಿಲ್ಲಲಿಲ್ಲ. ಒಳಗೆ ಬಂದಳು, ಮಂಡಿಯೂರಿದಳು, ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಮುಂದೆ ಹಿಡಿದಳು. ನೀರು ತುಳುಕಿ ನೆಲಕ್ಕೆ ಚೆಲ್ಲಿತು.

"ಕೈಮುಗೀತೀನಿ. ತುಂಬಬೇಡ ಕಣಮ್ಮಾ. ಇಷ್ಟು ಮಾತ್ರ ಬಿಟ್ಬಿಡು. ಇವತ್ತೇ ನಿನ್ನೂರಿಗೆ ಹೋಗು."

ಈ ಸಲ ಅದು ಕಂಠಪಾಠವಾಗಿರಲಿಲ್ಲ. ಸೂಜಿ ಚಿಮಟ ಕೆಳಗಿಟ್ಟಳು. ಆಗ ಹಿತ್ತಿಲಿಗೆ ಹೋಗುವ ಒಳ ಓಣಿಯಿಂದ ಚಿಕ್ಕಪ್ಪನ ಕೆಮ್ಮು ಕೇಳಿಸಿತು, ಒಣಗಿದ ಸೋರೆಬುರುಡೆಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. *ಅದೊಂದು ಮುಗಿದರೆ ನಾನು ನೆಮ್ಮದಿಯಾಗಿ ಉಸಿರಾಡುತ್ತೇನೆ.*

"ಚಿಕ್ಕಪ್ಪ ಕೇಳಿದ್ದು ಇದೊಂದೇ, ಅಜ್ಜಿ. ಅವನು ಕೊಟ್ಟ ಅನ್ನ ಇದೆ ಮೈಯಲ್ಲಿ."

ಅಜ್ಜಿಯ ಬಾಯಿ ತೆರೆಯಿತು. ಏನೋ ಹೇಳಹೊರಟು ತನ್ನ ಅಂಗೈಯಿಂದಲೇ ಬಾಯಿ ಮುಚ್ಚಿಕೊಂಡಳು. ಮೂರು ಸಲವಾಯಿತು ಎಂದು ಲೆಕ್ಕ ಹೇಳಲೂ ಇಲ್ಲ.

ಒಂಬತ್ತನೆಯ ಮಧ್ಯಾಹ್ನ. ಉಳಿದದ್ದು ಮೂರು ಎಳೆ.

ಒಂದನ್ನು ಕೂರಿಸಿದಳು. ಕೋಣೆಯಲ್ಲಿ ಸದ್ದಡಗಿತು. ಬೀದಿಯ ಗಾಡಿಗಳ ಸದ್ದೂ ಇಲ್ಲ.

ಎರಡನೆಯದು. ತೊಗಲಿನ ಅಡಿಯಲ್ಲಿ ಏನೋ ಮಿಡಿಯಿತು. ಒಣಹುಲ್ಲಿಗೆ ನಾಡಿ ಎಲ್ಲಿಂದ? ದೀಪದ ಕುಡಿ ನೆಟ್ಟಗೆ ನಿಂತಿತು. ಗಾಜಿನ ಕಣ್ಣಿನಲ್ಲಿ ಅವಳ ಮುಖ ಕಂಡಿತು, ಚಿಕ್ಕದಾಗಿ. ಅದರ ತುಟಿಯ ನಡುವೆ ಕಪ್ಪು ಎಳೆ.

ಕೊನೆಯದು. ತುಟಿಯಲ್ಲಿ ಎಳೆದಳು. ನಾಲಗೆಗೆ ಉಪ್ಪು ತಾಗಿತು. ಕಣ್ಣೀರಿನ ಉಪ್ಪು. ಅಂಟಿಗೆ ಅದ್ದಿದಳು. ಚಿಮಟ ಮುಂದೆ ಚಾಚಿದಳು. ಇನ್ನೂ ತಾಗಿಸಿರಲಿಲ್ಲ. ತೊಗಲು ಮುಂದೆ ಬಂತು. ಎಳೆಗರು ಮೊಲೆಗೆ ಬಾಯಿ ಹಾಕುವಂತೆ ಬಂತು. ಎಳೆಯನ್ನು ಕಚ್ಚಿತು. ಸೆಳೆಯಿತು. ಕೈ ಹಿಂದಕ್ಕೆಳೆದಳು. ಚಿಮಟ ಬರಲಿಲ್ಲ. ಜಗ್ಗಿದಳು. ಬಂತು. ಪಕ್ಕದ ಒಂದು ಎಳೆಯೂ ಕಿತ್ತು ಬಂದು ಕೆಳಗೆ ಬಿತ್ತು. ಅವಳು ನೋಡಲಿಲ್ಲ. ಅವಳ ಕುತ್ತಿಗೆಗೆ ಯಾರೋ ಕೈ ಹಾಕಿದ್ದರು. ಐದು ಬೆರಳು. ಬಿಸಿ. ಒತ್ತುತ್ತಿದ್ದವು. ಉಸಿರಿಲ್ಲ. ಕೂಗಿಲ್ಲ. ಹಿಂದೆ ಯಾರೂ ಇಲ್ಲ. ದೀಪ ಆರಿತು.

ಆ ಕತ್ತಲಲ್ಲಿ, ಓಣಿಯ ಕಡೆಯಿಂದ, ಕಂಚಿನ ದನಿಯೊಂದು ಎದ್ದಿತು.

*ಕೊಟ್ಟ ಮಾತಿಗೆ ಮೈಯೆ ಕಾವಲಿರಲಿ...*

ಮೊದಲು ಅವಳಿಗೆ ಆದದ್ದು ಸಂತೋಷ. ಕುತ್ತಿಗೆಯ ಹಿಡಿತವನ್ನೂ ಮರೆತು, ಗೋಡೆ ಹಿಡಿದು ಓಣಿಗೆ ಬಂದಳು. ಚಿಕ್ಕಪ್ಪನ ದನಿ! ಬಾಲ್ಯದ ದನಿ! ಬೆಂಚಿನ ಮೇಲೆ ಕೂತು ಅವನು ಮಫ್ಲರ್ ಬಿಚ್ಚುತ್ತಿದ್ದ, ಸುತ್ತಿನ ಮೇಲೆ ಸುತ್ತು, ಹಾಡುತ್ತಾ, ಅಳುತ್ತಾ. ಮಫ್ಲರಿನ ಒಳಮಗ್ಗುಲಿಂದ ಒಣ ತೊಗಲಿನ ಹಕ್ಕಳೆಗಳು ಉದುರಿದವು. ಅವುಗಳ ಕೆಳಗೆ ಎಷ್ಟೋ ವರ್ಷ ಬಿಸಿಲು ಕಾಣದ ಗಂಟಲು, ಎಳೆಮಗುವಿನದರಂತೆ ಮೆತ್ತಗೆ, ಬೆಳ್ಳಗೆ, ಬೆವರಿನಿಂದ ಹೊಳೆಯುತ್ತಾ.

"ಚಿಕ್ಕಪ್ಪಾ, ನಿನ್ನ ದನಿ..." ಎಂದಳು.

ಬಂದದ್ದು ಅವಳ ದನಿಯಲ್ಲ. ಸೋರೆಬುರುಡೆಯಲ್ಲಿ ಕಲ್ಲು ಉರುಳಿದ ಸದ್ದು.

ಗಂಟಲಿಗೆ ಕೈ ಹಾಕಿದಳು. ಅಂಗೈಯಗಲ ಜಾಗ ಗಟ್ಟಿಯಾಗಿತ್ತು. ಉಗುರಿನಿಂದ ತಟ್ಟಿದಳು. ಟಕ್ ಟಕ್ ಎಂದಿತು. ನೋವಿಲ್ಲ. ಅದರ ಅಂಚಿನಿಂದ ದವಡೆಯ ಕಡೆಗೆ ಐದು ಬೆರಳು ಏರಿದ್ದವು.

ಹಾಡು ನಿಂತಿತು. ಅವನು ಅವಳನ್ನು ನೋಡಿದ. ಆಶ್ಚರ್ಯವಿರಲಿಲ್ಲ ಆ ಕಣ್ಣಿನಲ್ಲಿ. ಅದೇ ಅವಳಿಗೆ ಎಲ್ಲವನ್ನೂ ಹೇಳಿತು.

"ಗೊತ್ತಿತ್ತಾ?"

ಹಿತ್ತಿಲ ಬಾಗಿಲಲ್ಲಿ ಅಜ್ಜಿ ಬಟ್ಟಲಿನ ನೀರನ್ನು ಅಂಗಳಕ್ಕೆ ಚೆಲ್ಲುತ್ತಿದ್ದಳು. ಉತ್ತರ ಅಲ್ಲಿಂದ ಬಂತು. "ಮೂರು ಸಲ ಎಚ್ಚರಿಸು ಅಂತ ನನಗೆ ಹೇಳಿದ್ದೇ ಅವನು. ಎಚ್ಚರಿಕೆ ಕೇಳಿಯೂ, ಮನಸಾರೆ ತುಂಬಿದ್ರೆ ಮಾತ್ರ ಅದು ದಾಟೋದು. ಕೊನೆ ಎಳೆಗೆ ಯಾರ ಎಂಜಲೋ ಅವರ ಗಂಟಲಿಗೆ. ನೀರಲ್ಲಿ ಕೂರಿಸಿದ್ರೆ ಉದುರಿ ಹೋಗುತ್ತೆ, ಅಷ್ಟೆ, ಯಾರಿಗೂ ಏನೂ ಆಗಲ್ಲ. ಈ ಎಂಜಲಿನ ಗುಟ್ಟು ಬಾಯಿಬಿಟ್ಟು ಹೇಳಿದ್ರೆ ನನ್ನ ಗಂಟಲಿಗೇ ಬರುತ್ತೆ ಅಂದಿದ್ದ. ನಾನು ಹೇಡಿ ಕಣಮ್ಮಾ. ಬಟ್ಟಲು ಇಟ್ಟೆ. ಇನ್ನೇನು ಮಾಡ್ಲಿ?"

ಚಿಕ್ಕಪ್ಪ ಬೆಂಚಿನಿಂದ ಜಾರಿ ನೆಲಕ್ಕೆ ಕೂತ. ಹೇಳಿದ. ಆ ಚೆಂದದ ದನಿಯಲ್ಲಿ, ಒಂದೊಂದು ಅಕ್ಷರವೂ ತಿಳಿಯಾಗಿ ಹೇಳಿದ. ಸರ್ಕಸ್ಸಿನವಳೊಬ್ಬಳು ಆ ಕರಡಿಯನ್ನು ಮರಿಯಿಂದ ಸಾಕಿದ್ದಳಂತೆ. ಅದರ ಗಂಟಲ ಕೂದಲಿನಲ್ಲಿ ಕೈ ಹೂತು ಮಲಗುತ್ತಿದ್ದಳಂತೆ. ಕರಡಿ ಸತ್ತಾಗ ಯಜಮಾನ ತೊಗಲನ್ನು ಇಲ್ಲಿಗೆ ಕಳಿಸಿದ. ಅವಳು ಬಂದು, ಗಂಟಲಿನ ಅಂಗೈಯಗಲದ ತುಂಡು ಮಾತ್ರ ತನಗೆ ಕೊಡಿ ಎಂದು ಕೇಳಿದಳು. ಕೊಡುತ್ತೇನೆ ಎಂದು ಇವನು ಮಾತು ಕೊಟ್ಟ. ಆಮೇಲೆ ಇಡೀ ತೊಗಲು ಅಷ್ಟು ಚೆನ್ನಾಗಿ ಹದಕ್ಕೆ ಬಂತು, ಕತ್ತರಿ ಹಾಕಲು ಮನಸ್ಸಾಗಲಿಲ್ಲ. ಅವಳು ಬಂದಾಗ ಕರಡಿ ಇಡಿಯಾಗಿ ನಿಂತಿತ್ತು. ಅವಳು ಅದರ ಗಂಟಲ ಮೇಲೆ ಕೈಯಿಟ್ಟಳು. ಕೈ ತೆಗೆದಾಗ ಕೂದಲೆಲ್ಲ ಕೈಯೊಂದಿಗೆ ಬಂತು. "ಮಾತು ಕೊಟ್ಟ ಗಂಟಲು ಒಣಗಲಿ. ನಿನ್ನದು ಮುಗಿದ ಮೇಲೆ ನಿನ್ನ ರಕ್ತದ್ದು," ಎಂದು ಹೋದಳು.

"ನನ್ನ ಆಮೇಲೆ ಅವಳಿಗೆ ಬರೋದಿತ್ತು, ಮಗಳೇ. ದಾರಕ್ಕೆ. ತೊಟ್ಟಿಲಲ್ಲಿದ್ಲು ಆಗ." ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ಚುಚ್ಚಿಸಿಕೊಂಡು ಮುಂದೆ ಹೋಗೋದು ಸೂಜಿ, ಬಟ್ಟೆಯಲ್ಲಿ ಉಳಿಯೋದು ದಾರ. ಇನ್ನೇನು ಮಾಡ್ಬೇಕಿತ್ತು ನಾನು?"

ಅದೇ ವರ್ಷ. ಅವಳನ್ನು ಹೆಗಲ ಮೇಲೆ ಹಾಕಿಕೊಂಡು ತಂದದ್ದು ಅದೇ ವರ್ಷ. ಅವಳು ಮನಸ್ಸಿನಲ್ಲಿ ಒಂದೊಂದೇ ಎಳೆ ಕಿತ್ತು ನೋಡಿದಳು. ನಗು ಕಲಿಸಿದ್ದು. ತುಟಿಯ ಮಧ್ಯೆ ಎಳಿ ಎಂದದ್ದು. ಮೂರು ಸಲ ತೊಳೆದದ್ದು. ಗಟ್ಟಿಜೀವ ಎಂದದ್ದು. ಒಂದರ ಬುಡವೂ ಗಟ್ಟಿಯಿರಲಿಲ್ಲ. ಇಡೀ ಬಾಲ್ಯ ಕೈಗೆ ಉದುರಿ ಬಂತು, ಕೆಳಗೆ ಬರಿ ಬೂದು ತೊಗಲು.

"ಇನ್ನೂ ದಾಟಿಸಬಹುದು ಮಗಳೇ," ಅವನು ತೆವಳುತ್ತಾ ಹತ್ತಿರ ಬಂದ. "ಒಂದು ಎಳೆ ಕಿತ್ತು ಬೇರೆ ಯಾರಾದ್ರೂ ತುಟಿ ತಾಗಿಸಿ ಕೂರಿಸಿದ್ರೆ ಸಾಕು. ಬೇಡ ಅಂತ ಎಚ್ಚರಿಸಿರ್ಬೇಕು, ಆದ್ರೂ ಅವರು ಇಷ್ಟಪಟ್ಟು ಮಾಡ್ಬೇಕು. ನಾನೇ ಹುಡುಕಿ ಕೊಡ್ತೀನಿ, ಯಾರೋ ದಿಕ್ಕಿಲ್ಲದವರನ್ನ..."

"ಅಪ್ಪ ಹಾಡ್ತಿದ್ದಾನಾ? ಅಪ್ಪನೇನಾ ಅದು? ಅಕ್ಕಾ, ಎಲ್ಲಿದೀಯೇ?"

ದಾರದ ಕೂಗು ಕರಡಿ ಕೋಣೆಯ ಒಳಗಿನಿಂದ ಬಂತು. ಮುಂದಿನ ಪಡಸಾಲೆಯ ಬಾಗಿಲಿಂದ ಅಕ್ಕನನ್ನು ಹುಡುಕುತ್ತಾ, ಸಂತೋಷದ ಭರದಲ್ಲಿ ಅವಳು ಆ ಹೊಸ್ತಿಲು ದಾಟಿದ್ದಳು.

ಇಬ್ಬರೂ ಓಡಿದರು. ಸೂಜಿ ಮೊದಲು ತಲುಪಿದಳು. ಒಳಗೆ ದೀಪ ಹತ್ತಿತ್ತು. ದಾರ ಅದನ್ನು ಹಚ್ಚಿ ಕರಡಿಯ ಮುಂದೆ ನಿಂತಿದ್ದಳು. ಕಣ್ಣರಳಿತ್ತು. "ಅಕ್ಕಾ, ಏನು ಕೈಯೇ ನಿನ್ನದು! ಹುಟ್ಟಿದ ಕೂದಲೇ ಅನ್ಬೇಕು! ನೋಡು, ಒಂದೇ ಒಂದು ಎಳೆ ಉದುರಿದೆ." ಬಗ್ಗಿ ಎತ್ತಿಕೊಂಡಳು. "ಇದನ್ನ ನಾನು ಕೂರಿಸ್ತೀನಿ. ಅಪ್ಪ ಇವತ್ತು ಬಯ್ಯಲ್ಲ, ಹಾಡ್ತಿದ್ದಾನೆ."

ಹಳದಿ ಮೆತ್ತಿದ ಬೆರಳುಗಳು ಎಳೆಯನ್ನು ತುಟಿಯ ಕಡೆಗೆ ಎತ್ತಿದವು.

ಬಾಗಿಲಲ್ಲಿ ಚಿಕ್ಕಪ್ಪ ಕಲ್ಲಾಗಿ ನಿಂತ. ಬೇಡ ಎಂದರೆ ಅದೂ ಇನ್ನೊಂದು ಎಚ್ಚರಿಕೆಯೇ ಆಗುತ್ತಿತ್ತು. ಇಪ್ಪತ್ತೆರಡು ವರ್ಷ ಅವನು ಹೇಳಿದ್ದೇ ಬೇಡ, ಬೇಡ, ಬೇಡ. ಎಚ್ಚರಿಕೆಗಳೆಲ್ಲ ಎಂದೋ ಸಂದುಹೋಗಿದ್ದವು. ಉಳಿದದ್ದು ಅವಳ ಇಷ್ಟವೊಂದೇ. ಅದು ಅಲ್ಲಿ, ದೀಪದ ಬೆಳಕಿನಲ್ಲಿ, ನಗುತ್ತಾ ನಿಂತಿತ್ತು.

ಸೂಜಿ ಸುಮ್ಮನಿದ್ದರೆ ಸಾಕಿತ್ತು.

ಒಂದು ಉಸಿರಿನಷ್ಟು ಹೊತ್ತು ಅವಳು ಸುಮ್ಮನಿದ್ದಳು. ಅದನ್ನು ದೇವರು ನೋಡಿದ್ದಾನೆ. ಗಂಟಲಿನಲ್ಲಿ ಐದು ಬೆರಳು ಸಡಿಲಾಗಿ ಕಾದವು. ಎಳೆಯ ತುದಿ ದಾರದ ತುಟಿಗೆ ಕೂದಲೆಳೆಯಷ್ಟು ದೂರ.

ಪಟಾರ್ ಎಂದಿತು. ಎಳೆ ಹಾರಿ ಬಿತ್ತು.

"ಥೂ! ವಿಷ ಕಣೇ!"

ಆ ಕರ್ಕಶ ದನಿಗೆ ದಾರ ಹಿಂದೆ ಸರಿದಳು. ಕೆಂಪಗಾದ ಕೈಯನ್ನು ಎದೆಗೆ ಒತ್ತಿಕೊಂಡಳು. ಅವಳ ಕಣ್ಣು ತುಂಬಿತು. "ನೀನೂ ಅಪ್ಪನ ಹಾಗೇ," ಎಂದಳು. "ನಿನ್ನ ಕೆಲಸ ಮುಟ್ಟಿದ್ರೆ ಸವೆದುಹೋಗುತ್ತಾ? ಅಕ್ಕ ಅಂತೆ, ಅಕ್ಕ!" ಅಪ್ಪನನ್ನು ದಾಟಿಕೊಂಡು, ಬಿಕ್ಕುತ್ತಾ ಓಡಿದಳು.

ಸೂಜಿ ಬಗ್ಗಿ ಎಳೆಯನ್ನು ಹೆಕ್ಕಿಕೊಂಡಳು. ಈ ಕಿಂಡಿ ತೆರೆದಿದ್ದರೆ ಯಾರೋ ಒಬ್ಬರು ಕೈ ಹಾಕುತ್ತಾರೆ, ಇವತ್ತಲ್ಲದಿದ್ದರೆ ನಾಳೆ. ಅವಳಿಗೆ ಮಕ್ಕಳಿರಲಿಲ್ಲ. ಅವಳ ಆಮೇಲೆ ಅದು ಇಳಿದು ಹೋಗಲು ರಕ್ತವಿಲ್ಲ. ಎಳೆಯನ್ನು ತನ್ನ ತುಟಿಯ ನಡುವೆ ಎಳೆದು ಚೂಪು ಮಾಡಿದಳು, ಅಂಟಿಗೆ ಅದ್ದಿದಳು, ಮೈಯ ಒಲವಿಗೆ ವಾಲಿಸಿ ಕೂರಿಸಿದಳು. ಕೂಡಿಸಿದ ಗುರುತು ಕಾಣಲಿಲ್ಲ. ಎಲ್ಲಿ ಬೋಳಿತ್ತೆಂದು ಇನ್ನು ಯಾರಿಗೂ ತಿಳಿಯುವಂತಿರಲಿಲ್ಲ. ಐದು ಬೆರಳು ಮತ್ತೆ ಬಿಗಿದವು, ಈ ಸಲ ಆಳಕ್ಕೆ. ದನಿ ಕೊಳದ ನೀರಿನ ಹಾಗೆ ಇಂಗುತ್ತಾ ಹೋಗುವುದು ಅವಳಿಗೇ ಗೊತ್ತಾಯಿತು. ತಳದಲ್ಲಿ ಒಂದು ಮಾತಿನಷ್ಟು ಉಳಿದಿತ್ತು.

ಚಿಕ್ಕಪ್ಪ ಬಂದು ಅವಳ ಪಾದ ಹಿಡಿದ. ಅವನ ಹೊಸ ಗಂಟಲಿನಲ್ಲಿ ನರ ಎದ್ದು ಮಿಡಿಯುತ್ತಿತ್ತು.

"ನನ್ನ ಮಗಳನ್ನ ಉಳಿಸಿದೆ. ನಿನ್ನನ್ನ ಕೊಂದವನ ಮಗಳನ್ನ. ಕ್ಷಮಿಸು ಅನ್ನಲ್ಲ ನಾನು. ಕೇಳೋ ಮುಖ ಇಲ್ಲ." ತಲೆಯನ್ನು ಅವಳ ಪಾದಕ್ಕೆ ಒತ್ತಿದ. "ಅದು ಪೂರ್ತಿ ಒಣಗೋ ಮುಂಚೆ ಒಂದೇ ಒಂದು ಸಲ ಕರಿ ಮಗಳೇ. ಆ ರಾತ್ರಿ ಹೆಗಲ ಮೇಲೆ ನಿದ್ದೆಗಣ್ಣಲ್ಲಿ ಕರೆದೆಯಲ್ಲ, ಹಾಗೆ. ಚಿಕ್ಕಪ್ಪಾ ಅಂತ. ಒಂದೇ ಒಂದು ಸಲ."

ಅವಳು ಪಾದ ಬಿಡಿಸಿಕೊಂಡಳು. ಗಂಟಲಿನ ತಳದಲ್ಲಿದ್ದ ಕೊನೆಯ ಹನಿಯನ್ನು ಬಳಿದು ತೆಗೆದಳು.

"ಕರೆಯಲ್ಲ."